ಮದುವೆಗೆ ಎರಡೇ ತಿಂಗಳಿರುವ ತಂಗಿಗೆ

ತಂಗಿ,

ಹೋದ ಶನಿವಾರ ಹುಬ್ಬಳ್ಳಿಯಲ್ಲಿ ಚರ್ಮದ ಡಾಕ್ಟರ ಕೋಣೆಯ ಹೊರಗೆ ನಾವಿಬ್ಬರೂ ಪಕ್ಕಪಕ್ಕ ಕೂತಿದ್ದೆವು. ನಿನ್ನ ಹೆಸರು ನಾನು ಕೇಳಲಿಲ್ಲ. ನಿನ್ನ ಎಡಗೈ ಮಣಿಕಟ್ಟಿನ ಒಳಗಡೆ ನೀಲಿಗಪ್ಪು ಅಕ್ಷರದಲ್ಲಿದ್ದ ಇನ್ನೊಬ್ಬರ ಹೆಸರು ಮಾತ್ರ ಕಣ್ಣಿಗೆ ಬಿತ್ತು, ಅದರ ಪಕ್ಕದ ಗುಲಾಬಿ ಬಣ್ಣದ ಪುಟ್ಟ ಹೃದಯವೂ. ನಾನು ನೋಡಿದ್ದು ತಿಳಿದು ನೀನು ಬಳೆ ಸರಿಸಿ ಮುಚ್ಚಿಕೊಂಡೆ. ಒಳಗೆ ಕರೆದಾಗ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಿಮ್ಮ ಅವ್ವ ಕೇಳಿದ್ದು ಕೇಳಿಸಿತು: "ಒಮ್ಮೆಗೇ ಹೋಗೂದಿಲ್ಲೇನ್ರಿ ಡಾಕ್ಟರ? ಎರಡ ತಿಂಗಳಾಗ ಮದವಿ ಐತ್ರಿ." ಡಾಕ್ಟರು ಆಗುವುದಿಲ್ಲ ಎಂದರು. ಹೊರಬಂದ ನೀನು ಫೋನಿನಲ್ಲಿ ಯಾರಿಗೋ ಹೇಳಿದೆ, ಹಂಗಾದ್ರ ಲೇಸರ್ ಬ್ಯಾಡ, ನಾಳೆನೇ ಮ್ಯಾಲೊಂದು ದೊಡ್ಡ ಹೂವು ಹಾಕಿಸಿಬಿಡತೇನಿ ಅಂತ.

ನಾನು ಎದ್ದು ಬಂದು ನಿನ್ನ ಕೈ ಹಿಡಿಯಬೇಕಿತ್ತು. ನನ್ನ ಸರದಿ ಬಂತು, ಒಳಗೆ ಹೋದೆ, ತಿರುಗಿ ಬರುವಷ್ಟರಲ್ಲಿ ನೀವಿಬ್ಬರೂ ಹೊರಟುಹೋಗಿದ್ದಿರಿ. ಅಂದು ಹೇಳದೆ ಉಳಿದದ್ದನ್ನು ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ನೀನಿರುವ ಜಾಗದಲ್ಲಿ ಇನ್ನೂ ಎಷ್ಟೋ ತಂಗಿಯರು ಇದ್ದಾರು.

ನೀನು ಹೇಳಿದ ಆ ದೊಡ್ಡ ಹೂವನ್ನು ನಾನು ಹಾಕಿಸಿಕೊಂಡವಳು. ಇಪ್ಪತ್ತನೇ ವಯಸ್ಸಿನಲ್ಲಿ ಜಾತ್ರೆಯ ಮೂಲೆಯಲ್ಲಿ ಕೂತಿದ್ದ ಮಷಿನ್‌ನವನ ಹತ್ತಿರ ಮುಂಗೈ ಮೇಲೆ ಒಂದು ಹೆಸರು ಬರೆಸಿಕೊಂಡೆ. ಇಪ್ಪತ್ತೇಳಕ್ಕೆ ಆ ಹೆಸರು ನೋಡಲಾಗದಂತಾಯಿತು. ಒಂದು ಟ್ಯಾಟೂ ಅಂಗಡಿಗೆ ಹೋದೆ. ಅಲ್ಲಿಯವರು ಮುಚ್ಚಿಕೊಡುತ್ತೇವೆ ಎಂದರು, ಲೇಸರ್ ಎಂಬ ಮಾತನ್ನೇ ಎತ್ತಲಿಲ್ಲ. ಹೆಸರಿನ ಎರಡೂವರೆ ಪಟ್ಟು ದೊಡ್ಡದಾದ ಕೆಂಪು ಗುಲಾಬಿ, ಎರಡು ಹಸಿರು ಎಲೆ. ಮೊದಲ ತಿಂಗಳು ಚೆನ್ನಾಗಿ ಕಂಡಿತು. ವರುಷ ತುಂಬುವುದರೊಳಗೆ ಎಸಳುಗಳ ಸಂದಿಯಿಂದ ಅಕ್ಷರಗಳು ಒಂದೊಂದಾಗಿ ಮೇಲೆದ್ದು ಬಂದವು. ಮೊದಲು ಹೆಸರೊಂದೇ ಇತ್ತು, ಈಗ ಗುಲಾಬಿಯೂ ಸೇರಿ ಎರಡಾದವು.

ಯಾಕೆ ಹೀಗಾಯಿತು ಎಂದು ಆಮೇಲೆ ತಿಳಿದುಕೊಂಡೆ. ಗೋಡೆಗೆ ಬಣ್ಣ ಬಳಿದಂತೆ ಹೊಸದು ಹಳೆಯದರ ಮೇಲೆ ಕೂರುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಚರ್ಮದಲ್ಲಿ ಹಾಗಾಗುವುದಿಲ್ಲ. ಸೂಜಿ ಇಳಿಯುವುದು ಮೇಲ್ಪದರದ ಕೆಳಗಿನ ಒಳಚರ್ಮಕ್ಕೆ. ಹಳೆಯ ಶಾಯಿ ಇರುವುದೂ ಅಲ್ಲೇ, ಹೊಸತು ಹೋಗಿ ಸೇರುವುದೂ ಅಲ್ಲೇ. ಎರಡೂ ಅಕ್ಕಪಕ್ಕ ಕೂತು ಬೆರೆತ ಬಣ್ಣವಾಗಿ ಕಾಣುತ್ತವೆ. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾರೆ: ನೀಲಿ ನೂಲನ್ನು ಹಳದಿ ಬಣ್ಣದಲ್ಲಿ ಅದ್ದಿದರೆ ಹಸಿರಾದೀತು, ಹಳದಿ ಆಗದು. ಅದಕ್ಕೇ ಕಪ್ಪು ಹೆಸರನ್ನು ಮುಚ್ಚಬೇಕಾದರೆ ಅದಕ್ಕಿಂತ ಕಪ್ಪಾದ, ಅದಕ್ಕಿಂತ ಬಹಳ ದೊಡ್ಡದಾದ ಚಿತ್ರವೇ ಬೇಕಾಗುತ್ತದೆ. ನಿನ್ನ ಮಣಿಕಟ್ಟಿನ ಅಗಲ ಎಷ್ಟು, ಒಮ್ಮೆ ಬೆರಳಿಟ್ಟು ಅಳೆದು ನೋಡು. ಆ ಹೂವು ಅಲ್ಲಿಗೇ ನಿಲ್ಲುವುದಿಲ್ಲ, ಅರ್ಧ ಮುಂಗೈಗೆ ಹಬ್ಬುತ್ತದೆ.

ಲೇಸರ್ ಎಂದರೆ ಪೂರ್ತಿ ಅಳಿಸುವುದು ಎಂದು ನೀನೂ ನಿಮ್ಮ ಅವ್ವನೂ ತಿಳಿದಿರಬೇಕು. ಅಂದು ನಮ್ಮೆದುರು ಕೂತಿದ್ದ ಇಬ್ಬರು ಹುಡುಗರಿಗೆ ಬೇಕಾಗಿದ್ದು ಅದೇ. ಅವರು ಸೇನಾ ಭರ್ತಿಗೆ ತಯಾರಾಗುತ್ತಿರುವವರು. ಹಚ್ಚೆ ಮೈಮೇಲೆ ಎಲ್ಲಿರಬಹುದು, ಎಲ್ಲಿರಬಾರದು ಎಂದು ಸೇನೆಯಲ್ಲಿ ನಿಯಮವಿದೆ. ಅವರಿಗೆ ಗುರುತೇ ಉಳಿಯಬಾರದು, ಅದಕ್ಕೆ ಸಿಟ್ಟಿಂಗುಗಳು ಹತ್ತು ದಾಟಿದರೂ ದಾಟಬಹುದು. ನಮ್ಮಂಥವರಿಗೆ ಅಷ್ಟು ಬೇಡ. ಹಳೆಯದು ಮಸುಕಾದರೆ ಸಾಕು, ಹೊಸತಕ್ಕೆ ಅದು ಜಾಗ ಬಿಟ್ಟುಕೊಡುತ್ತದೆ. ಎಷ್ಟೋ ಜನರಿಗೆ ಎರಡರಿಂದ ನಾಲ್ಕು ಸಿಟ್ಟಿಂಗಿನಲ್ಲಿ ಇದು ಆಗುತ್ತದೆ. ನನಗೆ ನಾಲ್ಕು ಬೇಕಾದವು, ನನ್ನ ಕೈಯಲ್ಲಿ ಎರಡು ಸಲದ ಶಾಯಿ ಇತ್ತಲ್ಲ.

ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಅರ್ಥವಾದರೆ ಡಾಕ್ಟರ ಮೇಲಿನ ನಿನ್ನ ಸಿಟ್ಟು ಇಳಿದೀತು. ಹಚ್ಚೆಯ ಶಾಯಿಯನ್ನು ದೇಹ ಪರಕೀಯ ವಸ್ತುವೆಂದೇ ಎಣಿಸುತ್ತದೆ. ಒಳಚರ್ಮದಲ್ಲಿರುವ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ಆ ಕಣಗಳನ್ನು ನುಂಗುತ್ತವೆ, ಆದರೆ ದೊಡ್ಡ ಕಣಗಳನ್ನು ಅರಗಿಸಲೂ ಆಗದೆ ಹೊತ್ತೊಯ್ಯಲೂ ಆಗದೆ ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತವೆ. ಆ ಕೋಶ ಸತ್ತರೆ ಪಕ್ಕಕ್ಕೆ ಬಂದ ಹೊಸ ಕೋಶ ಅದೇ ಶಾಯಿಯನ್ನು ಎತ್ತಿಕೊಳ್ಳುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳ ಚರ್ಮದಲ್ಲಿ ಇದನ್ನು ತೋರಿಸಿಕೊಟ್ಟರು. ಹಚ್ಚೆ ಬಾಳಪೂರ್ತಿ ಉಳಿಯುವ ಗುಟ್ಟು ಈ ಕೈಬದಲಿನಲ್ಲಿದೆ.

ಲೇಸರ್ ಮಾಡುವುದು ಆ ಕಣಗಳನ್ನು ಒಡೆಯುವ ಕೆಲಸವನ್ನಷ್ಟೇ. ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟೇ ಚಿಕ್ಕ ಹೊತ್ತು ಬಿಟ್ಟರೆ ಗುರಿಯಿಟ್ಟ ಕಣ ಮಾತ್ರ ಕಾಯುತ್ತದೆ, ಸುತ್ತಲಿನ ಚರ್ಮ ಉಳಿಯುತ್ತದೆ ಎಂಬ ತತ್ವವನ್ನು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ಅಮೆರಿಕದ ಸಂಶೋಧಕರು 1983ರಲ್ಲಿ ಮಂಡಿಸಿದರು. ಕ್ಯೂ-ಸ್ವಿಚ್ಡ್ ಎನ್ನುವ ಯಂತ್ರದ ಒಂದು ಮಿಡಿತ ಕೆಲವೇ ನ್ಯಾನೊಸೆಕೆಂಡಿನದು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಸೆಕೆಂಡ್. ಬಿಸಿ ಪಕ್ಕಕ್ಕೆ ಹರಿಯುವ ಮೊದಲೇ ಕಣ ಸಿಡಿದು ಚೂರಾಗುತ್ತದೆ. ಆಮೇಲಿನ ಕೆಲಸವೆಲ್ಲ ನಿನ್ನ ಮೈಯದೇ. ಆ ಚೂರುಗಳನ್ನು ಕೋಶಗಳು ಎತ್ತಿಕೊಂಡು ದುಗ್ಧನಾಳಗಳ ದಾರಿಯಲ್ಲಿ ನಿಧಾನವಾಗಿ ಸಾಗಿಸುತ್ತವೆ. ಎರಡು ಸಿಟ್ಟಿಂಗಿನ ನಡುವೆ ಆರೆಂಟು ವಾರ ಬಿಡು ಎನ್ನುವುದು ಇದಕ್ಕೇ. ಹಚ್ಚೆ ತಿಳಿಯಾಗುವುದು ಆ ಖಾಲಿ ವಾರಗಳಲ್ಲಿ. ನಡುವೆ ಅವಸರಪಟ್ಟು ಮತ್ತೆ ಸುಟ್ಟರೆ ಗಾಯದ ಮೇಲೆ ಗಾಯವಾಗುತ್ತದೆ, ಬಣ್ಣ ಬೇಗ ಹೋಗುವುದಿಲ್ಲ. ಕೈಕಾಲಿನ ತುದಿಯ ಕಡೆಗಿರುವ ಹಚ್ಚೆ ಎದೆ ಬೆನ್ನಿನ ಮೇಲಿನದಕ್ಕಿಂತ ನಿಧಾನವಾಗಿ ಹೋಗುತ್ತದೆ. ನಿನ್ನದು ಮಣಿಕಟ್ಟು.

ಈಗ ನಮ್ಮ ಮೈಬಣ್ಣದ ಮಾತು. ನನ್ನನ್ನು ಎಲ್ಲಕ್ಕಿಂತ ಹೆದರಿಸುವುದು ಇದು. ನಾವು ಗೋಧಿ ಬಣ್ಣದವರು, ಎಣ್ಣೆಗೆಂಪಿನವರು, ಕಪ್ಪಿನವರು. ನಮ್ಮ ಚರ್ಮದಲ್ಲಿ ಮೆಲನಿನ್ ಹೆಚ್ಚು, ಅದೂ ಬೆಳಕನ್ನು ಹೀರುತ್ತದೆ. ಬೆಳಕು ಶಾಯಿಗೆ ತಾಗುವ ಬದಲು ನಮ್ಮ ಬಣ್ಣಕ್ಕೇ ತಾಗಿದರೆ ಅಲ್ಲಿ ಬಿಳಿ ಕಲೆ ಉಳಿಯಬಹುದು, ಇಲ್ಲವೇ ಸುತ್ತ ಕಪ್ಪಾಗಬಹುದು. 1064 ನ್ಯಾನೊಮೀಟರಿನ ಬೆಳಕು ಮೆಲನಿನ್ನಿಗೆ ಹೆಚ್ಚು ಸಿಗದೆ ಆಳಕ್ಕೆ ಇಳಿಯುತ್ತದೆ, ಕಪ್ಪು ಮತ್ತು ಕಡುನೀಲಿ ಶಾಯಿಗೆ ಅದು ಸರಿ. ಕೆಂಪಿಗೆ ಬಳಸುವ 532 ನ್ಯಾನೊಮೀಟರಿನ ಬೆಳಕು ನಮ್ಮಂಥ ಚರ್ಮದಲ್ಲಿ ಬಹಳ ಎಚ್ಚರ ಬೇಡುತ್ತದೆ. ಶಕ್ತಿ ಕಡಿಮೆಯಿಟ್ಟು, ಒಂದು ಚುಕ್ಕೆಯಷ್ಟು ಜಾಗದಲ್ಲಿ ಮೊದಲು ಪರೀಕ್ಷಿಸಿ, ಕೆಲವು ವಾರ ಕಾದು ನೋಡುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡ. ಬ್ಯೂಟಿ ಪಾರ್ಲರಿನಲ್ಲಿ ಅಗ್ಗಕ್ಕೆ, ಒಂದೇ ದಿನದಲ್ಲಿ ಎಂದವರ ಮುಂದೆ ಕೈ ಚಾಚಬೇಡ. ಕಣ್ಣಿಗೆ ಹಾಕಿಕೊಳ್ಳಲು ರಕ್ಷಾ ಕನ್ನಡಕ ಕೊಡದ ಕಡೆ ಒಂದು ಕ್ಷಣವೂ ಕೂರಬೇಡ. ಉಪ್ಪು ತಿಕ್ಕುವುದು, ಸುಣ್ಣ ಹಚ್ಚುವುದು, ಆಸಿಡ್ ಹಾಕುವುದು ಇವುಗಳ ಹತ್ತಿರವೂ ಸುಳಿಯಬೇಡ. ಅವು ಮೊದಲು ಸುಡುವುದು ಚರ್ಮವನ್ನು.

ಬಿಳಿ ಕಲೆ ಎಂದರೆ ನಮ್ಮ ಕಡೆ ಏನಾಗುತ್ತದೆ ಎಂದು ನಿನಗೆ ಗೊತ್ತು. ತೊನ್ನು ಅಂಟುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಆದರೂ ಮದುವೆ ಮನೆಯಲ್ಲಿ ಮದುಮಗಳ ಕೈಮೇಲೆ ಬಿಳಿ ಕಲೆ ಕಂಡರೆ ಬಾಯಿಂದ ಬಾಯಿಗೆ ಹೋಗುವ ಮಾತು ಯಾವುದೆಂದು ನಾನು ಬರೆಯಬೇಕಿಲ್ಲ. ಒಂದು ಹೆಸರಿಗೆ ಹೆದರಿ ಆ ಮಾತಿಗೆ ದಾರಿ ಮಾಡಿಕೊಡುವಂತಾಗಬಾರದು.

ಆ ಗುಲಾಬಿ ಬಣ್ಣದ ಹೃದಯದ ಬಗ್ಗೆ ಡಾಕ್ಟರಿಗೆ ಬೇರೆಯಾಗಿಯೇ ಹೇಳು. ಗುಲಾಬಿ, ಬಿಳಿ, ಮೈಬಣ್ಣದ ಶಾಯಿಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಇರುವುದುಂಟು. ಲೇಸರ್ ತಾಗಿದ ಕೂಡಲೇ ಅವು ಕಪ್ಪಿಗೆ ತಿರುಗಬಲ್ಲವು. ಮೊದಲು ಸಾಸಿವೆಯಷ್ಟು ಜಾಗದಲ್ಲಿ ನೋಡಿ ಎಂದು ಬೇಡಿಕೊ.

ನೋವಿನ ಬಗ್ಗೆ ಬಹಳ ಹೇಳುವುದಿಲ್ಲ. ಮರಗಟ್ಟಿಸುವ ಮುಲಾಮು ಹಚ್ಚಿ ಅರ್ಧಮುಕ್ಕಾಲು ಗಂಟೆ ಕೂರಿಸುತ್ತಾರೆ. ಆಮೇಲೆ ಚಟ್ ಚಟ್ ಸದ್ದು, ಕೂದಲು ಸುಟ್ಟ ವಾಸನೆ, ಒಗ್ಗರಣೆಯ ಎಣ್ಣೆ ಸಾಲಾಗಿ ಸಿಡಿದಂಥ ಚುರುಕು. ಅಕ್ಷರದ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ನನಗೆ ಮೊದಲ ಸಲ ಅದನ್ನು ಕಂಡು ಹೆಸರು ಹೋಗೇಬಿಟ್ಟಿತು ಎಂದು ಕಣ್ತುಂಬಿ ಬಂತು. ಅದು ಗಾಳಿಗುಳ್ಳೆಗಳ ಬಿಳುಪು, ಸ್ವಲ್ಪ ಹೊತ್ತಿಗೆ ಇಳಿದು ಹೆಸರು ಮತ್ತೆ ಕಂಡಿತು. ಮರುದಿನ ಬೊಬ್ಬೆ ಎದ್ದವು. ಒಡೆಯಲಿಲ್ಲ, ಹಕ್ಕಳೆ ಕೀಳಲಿಲ್ಲ, ಹೇಳಿದ ಮುಲಾಮು ಹಚ್ಚಿ ಬಟ್ಟೆ ಸುತ್ತಿದೆ. ತಿಂಗಳುಗಟ್ಟಲೆ ಉದ್ದ ತೋಳಿನ ಕುಪ್ಪಸ ಹಾಕಿ ಬಿಸಿಲಿನಿಂದ ಕೈ ಕಾಪಾಡಿದೆ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಹಾಕುವುದು ಅಪಾಯ.

ನನ್ನ ಅಜ್ಜಿಯ ಎರಡೂ ಮುಂಗೈ ತುಂಬ ಹಚ್ಚೆ ಇತ್ತು. ಸುಗ್ಗಿ ಮುಗಿದ ಮೇಲೆ ಊರಿಗೆ ಬರುತ್ತಿದ್ದ ಕೊರವರ ಹೆಂಗಸು ಸೂಜಿಯಿಂದ ಚುಚ್ಚಿ, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಹಚ್ಚಿದ್ದು. ಕೂಲಿ ಒಂದು ಸೇರು ಜೋಳ ಮತ್ತು ಹಳೆ ಸೀರೆ. ನೋವು ಮರೆಯಲಿ ಎಂದು ಆಕೆ ಹಾಡುತ್ತಿದ್ದಳಂತೆ, ಆಮೇಲೆ ಅರಿಶಿನ ಮೆತ್ತುತ್ತಿದ್ದಳಂತೆ. "ಬಂಗಾರ ಎಲ್ಲಾ ಬಿಚ್ಚಿಕೊಂಡು ಕಳಸತಾರವ್ವ, ಹಚ್ಚಿ ಒಂದ ನನ್ನ ಕೂಡ ಬರೂದು" ಎನ್ನುತ್ತಿದ್ದಳು ಅಜ್ಜಿ. ಆಕೆಯ ಕೈಮೇಲಿನ ನವಿಲು ಕೊನೆಗಾಲದಲ್ಲಿ ನೀಲಿ ಮಚ್ಚೆಯಂತಾಗಿತ್ತು. ಅದು ನವಿಲು ಎಂದು ಆಕೆ ಹೇಳಿದರಷ್ಟೇ ತಿಳಿಯುತ್ತಿತ್ತು. ಹಚ್ಚೆ ಹಾಕಿಸಿಕೊಂಡೆ ಎಂಬ ಕಾರಣಕ್ಕೆ ನಿನ್ನ ಮೇಲೆ ಯಾರಾದರೂ ಬಾಯಿ ಮಾಡಿದರೆ ಈ ಅಜ್ಜಿಯರನ್ನು ನೆನಪು ಮಾಡಿಕೊಡು. ಇದು ನಮ್ಮ ಮನೆಗಳಿಗೆ ಹೊರಗಿನಿಂದ ಬಂದ ಕೇಡಲ್ಲ.

ಗುಲಾಬಿ ಹಾಳಾದ ಮೇಲೆ ನನಗೆ ಸಿಕ್ಕ ಕಲಾವಿದೆ ಒಳ್ಳೆಯವಳು. ಧಾರವಾಡದ ಕಸೂತಿಯ ಗೋಪುರ ಬೇಕು ಎಂದು ನಾನು ಕೇಳಿದಾಗ ಆಕೆ ಕೈ ನೋಡಿ ಆಗುವುದಿಲ್ಲ ಎಂದುಬಿಟ್ಟಳು. ಗವಂತಿ ಹೊಲಿಗೆಯ ಗೆರೆ ಕೂದಲೆಳೆಯಷ್ಟು ಸಣ್ಣದು, ಗೆರೆಗಳ ನಡುವೆ ಬರೀ ಮೈಬಣ್ಣ ಕಾಣಬೇಕು, ಅಷ್ಟು ತೆಳುವಾದದ್ದು ಏನನ್ನೂ ಮುಚ್ಚಲಾರದು. ಲೇಸರ್ ಮಾಡಿಸಿಕೊಂಡು ಬನ್ನಿ ಎಂದು ಆಕೆಯೇ ಕಳಿಸಿದಳು. ಎರಡೆರಡು ತಿಂಗಳಿಗೊಂದರಂತೆ ನಾಲ್ಕು ಸಿಟ್ಟಿಂಗು. ಕೊನೆಯದಾದ ಮೇಲೆ ಮೂರು ತಿಂಗಳು ಕಾದೆ, ಚರ್ಮ ಮೆತ್ತಗಾಗಿ ಮೊದಲಿನಂತೆ ಆಗುವವರೆಗೆ. ಕಪ್ಪು ಹೆಸರು ಬೂದಿ ಬಣ್ಣಕ್ಕೆ ಬಂತು, ಕೆಂಪು ತಿಳಿಯಾಯಿತು. ಹಸಿರು ಎಲೆ ಮಾತ್ರ ಹಟಮಾರಿ, 1064ಕ್ಕೆ ಅದು ಬಗ್ಗುವುದು ಅಪರೂಪ. ಅದನ್ನು ಆಕೆ ನೇಗಿ ಹೊಲಿಗೆಯಂತೆ ಒತ್ತಾಗಿ ತುಂಬಿದ ಜಾಗದೊಳಗೆ ಸೇರಿಸಿದಳು, ಹೆಸರಿದ್ದ ಜಾಗದ ಮೇಲೆ ಗವಂತಿಯ ಗೆರೆ ಎಳೆದಳು. ಮೊದಲು ಏನನ್ನು ಹಾಕಿಸಿಕೊಳ್ಳಬೇಕು ಎಂಬುದನ್ನು ಹಳೆಯ ಹೆಸರೇ ತೀರ್ಮಾನಿಸುತ್ತಿತ್ತು, ಈಗ ಆ ತೀರ್ಮಾನ ನನ್ನ ಕೈಗೆ ಬಂದಿತ್ತು. ಹಳೆಯದನ್ನು ಮುಚ್ಚಿಕೊಡುವ ಕಲಾವಿದರನ್ನು ಲೇಸರಿಗೆ ಮೊದಲೇ ಕಂಡು, ಎಷ್ಟು ಮಸುಕಾದರೆ ಸಾಕು ಎಂದು ಕೇಳಿಕೊ. ಬೇಕಿಲ್ಲದ ಒಂದು ಸಿಟ್ಟಿಂಗಿನ ದುಡ್ಡೂ ನೋವೂ ಉಳಿದೀತು.

ಎರಡು ತಿಂಗಳಲ್ಲಿ ಇದು ಆಗದು, ತಂಗಿ. ಹೆಚ್ಚೆಂದರೆ ಒಂದು ಸಿಟ್ಟಿಂಗು ಆದೀತು, ಹಸಿಗಾಯದ ಬಣ್ಣ ಮಾಯುವ ಮೊದಲೇ ಅಕ್ಕಿಕಾಳು ಬೀಳುತ್ತವೆ. ಈ ಮದುವೆಗೆ ಕೈಯನ್ನು ಇದ್ದಂತೆಯೇ ಕರೆದೊಯ್ಯಿ. ಹಸಿರು ಬಳೆ ಮೊಣಕೈವರೆಗೆ ಏರಿಸುತ್ತಾರೆ. ಮುಚ್ಚಲೇಬೇಕೆಂದರೆ ಮೇಕಪ್ಪಿನವರ ಹತ್ತಿರ ದಟ್ಟ ಕನ್ಸೀಲರ್ ಇರುತ್ತದೆ. ಮೆಹಂದಿ ಹಾಕಿಸಿದರೆ ಕರಿ ಮೆಹಂದಿ ಬೇಡ, ಅದರಲ್ಲಿ ಬೆರೆಸುವ ರಾಸಾಯನಿಕಕ್ಕೆ ಕೈ ಸುಟ್ಟುಕೊಂಡವರಿದ್ದಾರೆ. ಲೇಸರನ್ನು ಮದುವೆಯ ಗಲಾಟೆ ಕಳೆದ ಮೇಲೆ ನಿನ್ನ ಮನಸ್ಸಿಗೆ ಬಂದಾಗ ಶುರುಮಾಡು. ಬಸುರಿದ್ದಾಗ ಮಾಡುವುದಿಲ್ಲ, ಅದನ್ನೂ ಲೆಕ್ಕದಲ್ಲಿಡು.

ಅವ್ವಾರ, ಇದು ನಿಮಗೆ. ಆ ಹುಡುಗನಿಗೆ ವಿಷಯ ತಿಳಿದಿಲ್ಲವಾದರೆ ಹೇಳಲು ಮಗಳಿಗೆ ಬಿಡಿ. ನೀವು ಪಕ್ಕದಲ್ಲಿದ್ದರೆ ಅವಳಿಗೆ ಧೈರ್ಯ. ಡಾಕ್ಟರ ಬಾಗಿಲಲ್ಲಿ ಅವಳ ಮಣಿಕಟ್ಟನ್ನು ನೀವು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಿರಿ. ಅದು ಸಿಟ್ಟಿನ ಹಿಡಿತವಲ್ಲ ಎಂದು ನನಗೆ ಅನಿಸಿತು.

ತಂಗಿ, ಇನ್ನೊಂದು ಮಾತು. ಶುರುಮಾಡುವ ದಿನ ಒಂದು ಫೋಟೊ ತೆಗೆದಿಡು, ಪ್ರತಿ ಸಿಟ್ಟಿಂಗಿಗೆ ಮೊದಲು ಅದೇ ಕಿಟಕಿಯ ಬೆಳಕಿನಲ್ಲಿ ಮತ್ತೊಂದು. ದಿನಾ ನೋಡುವ ಕಣ್ಣಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ, ಎರಡನೇ ಸಲಕ್ಕೇ ಕೈಬಿಡುವ ಮನಸ್ಸಾಗುತ್ತದೆ. ನನ್ನ ಫೋನಿನಲ್ಲಿ ಐದು ಫೋಟೊ ಇವೆ, ಕೊನೆಯದು ಕಸೂತಿ ಹಾಕಿಸುವ ಬೆಳಿಗ್ಗೆ ತೆಗೆದದ್ದು. ಅದನ್ನು ನನ್ನ ಒಡಹುಟ್ಟಿದ ತಂಗಿಯ ಮಗಳಿಗೆ ತೋರಿಸಿದೆ. ಹಿಗ್ಗಿಸಿ ಹಿಗ್ಗಿಸಿ ನೋಡಿ, ಇಲ್ಲೇನೂ ಬರೆದಿಲ್ಲವಲ್ಲ ದೊಡ್ಡಮ್ಮಾ ಎಂದಳು. ನನಗೆ ಇನ್ನೂ ಓದಲು ಬರುತ್ತದೆ.

ನಿನ್ನ ಪಕ್ಕ ಕೂತಿದ್ದ
ಅಕ್ಕ