ಕಲ್ಯಾಣಪಾಠ, ಹುಮನಾಬಾದ್‌ಪಾಠ ಹಾಗೂ ಇಪ್ಪತ್ತು ಮುಖದ ದಾಳ: ಒಂದು ಪಾಠಪರಿಷ್ಕರಣ ವಿಚಾರ

ಅಧ್ಯಾಯ 1: ಪೂರ್ವಸೂರಿಗಳ ಖಂಡನೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ 1974ರಲ್ಲಿ ಆ ಊರಿಂದ ಹೊರಬಿತ್ತು. ಒಂದು ಡಬ್ಬಿ, ಒಳಗೆ ಮೂರು ಪುಟ್ಟ ಪುಸ್ತಿಕೆ. ಮೇಜಿನ ಸುತ್ತ ಕೂತು, ತಲೆಗೊಂದು ಪಾತ್ರ ಹಿಡಿದು, ದಾಳ ಉರುಳಿಸಿ ನೆಲಮಾಳಿಗೆಯ ರಾಕ್ಷಸರನ್ನು ಕೊಲ್ಲುವ ಆಟಗಳೆಲ್ಲ ಅಲ್ಲಿಂದಲೇ ಹುಟ್ಟಿದವೆಂದು ಪಾಶ್ಚಾತ್ಯ ಪಂಡಿತರು ನಂಬಿದ್ದಾರೆ. ಬೀದರ ಜಿಲ್ಲೆಗೆ ಬಂದು ನೋಡದವರು ಏನನ್ನು ಬೇಕಾದರೂ ನಂಬಬಹುದು.

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಹೀಗಿದೆ: ಆ ಆಟದ ಆದಿಪಾಠ ಸಿದ್ಧವಾದದ್ದು 1129ರಲ್ಲಿ, ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಸಂಪಾದಕರು ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರ. ಆಮೇಲಿನದೆಲ್ಲ ಲಿಪಿಕಾರರ ಕೈತಪ್ಪು. 2024ರಲ್ಲಿ ಭಾರೀ ಸದ್ದು ಮಾಡಿ ಬಂದ ಹೊಸ ಆವೃತ್ತಿಯನ್ನು ಹಳೆಯವುಗಳ ಜೊತೆ ಹೋಲಿಸುವವರು 2014ಕ್ಕೋ 1974ಕ್ಕೋ ಹೋಗಿ ನಿಂತುಬಿಡುತ್ತಾರೆ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸಿಳಿದು ಕೋಟೆಯ ಕಡೆ ನಡೆದಿದ್ದರೆ ಇನ್ನೂ ಎಂಟೂವರೆ ಶತಮಾನ ಹಿಂದಕ್ಕೆ ಹೋಗಬಹುದಿತ್ತು.

ಆಧಾರ ಕೇಳುವವರಿಗೆ ಆಧಾರ. ಸೋಮೇಶ್ವರನ ‘ಮಾನಸೋಲ್ಲಾಸ’ ಸಂಸ್ಕೃತ ಗ್ರಂಥ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಮೊದಲ ವಿಂಶತಿ ರಾಜ್ಯವನ್ನು ಪಡೆಯುವುದು ಹೇಗೆಂದು ಹೇಳುತ್ತದೆ, ಎರಡನೆಯದು ಪಡೆದದ್ದನ್ನು ಉಳಿಸಿಕೊಳ್ಳುವುದು ಹೇಗೆಂದು. ಕೊನೆಯದಾದ ಕ್ರೀಡಾವಿಂಶತಿಯಲ್ಲಿ ಚತುರಂಗವಿದೆ, ದಾಳದ ಪಾಶಕಕ್ರೀಡೆಯಿದೆ, ಕವಡೆಯ ವರಾಟಿಕಾಕ್ರೀಡೆಯಿದೆ, ಒಗಟಿನ ಆಟವಿದೆ, ಕತ್ತಲಲ್ಲಾಡುವ ತಿಮಿರಕ್ರೀಡೆಯೂ ಇದೆ. ದಾಳ, ಒಗಟು, ಕತ್ತಲೆ, ರಾಜ್ಯ. ಲೇಕ್ ಜಿನೀವಾದ ಡಬ್ಬಿಯೊಳಗೆ ಇದರಾಚೆ ಏನಿತ್ತು ಎಂದು ಕೇಳಬಯಸುತ್ತೇನೆ.

ಡ್ರ್ಯಾಗನ್ ಇತ್ತು ಎಂದಾರು. ಒಪ್ಪಿದೆ. ಆದರೆ ಊಟ ಇರಲಿಲ್ಲ. ಸೋಮೇಶ್ವರ ಉದ್ದಿನ ಇಡ್ಡರಿಕೆಯಿಂದ ಹಿಡಿದು ಮಾಂಸದಡುಗೆಯವರೆಗೆ ಅರಮನೆಯ ಪಾಕಶಾಲೆಯನ್ನೇ ಬರೆದಿಟ್ಟಿದ್ದಾನೆ. ನಾಲ್ಕು ತಾಸು ಕೂತು ಆಡುವವರಿಗೆ ಹಸಿವಾಗುತ್ತದೆ ಎಂಬ ಮೂಲಭೂತ ಸತ್ಯ ಅವನಿಗೆ ಹೊಳೆದಿತ್ತು. ದಂಡಯಾತ್ರೆ ಬಿಟ್ಟು ಪುಸ್ತಕ ಬರೆಯುತ್ತ ಕೂತ ರಾಜ ಎಂದು ಚರಿತ್ರೆಕಾರರು ಅವನ ಬಗ್ಗೆ ತುಸು ಮೂಗು ಮುರಿಯುವುದುಂಟು. ನನ್ನ ಮಟ್ಟಿಗೆ, ಆಟದ ಮೇಲೆ ಇಪ್ಪತ್ತು ಅಧ್ಯಾಯ ಬರೆದವನೇ ಚಕ್ರವರ್ತಿ. ಮಿಕ್ಕವರು ಸುಂಕ ವಸೂಲಿಯವರು.

ಅಧ್ಯಾಯ 2

(ಗೆದ್ದಲು ತಿಂದಿದೆ. ಉಳಿದ ಎರಡು ಸಾಲುಗಳಿಂದ ಅತ್ಯಂತ ಮಹತ್ವದ ಅಧ್ಯಾಯವಾಗಿತ್ತೆಂದು ತಿಳಿದುಬರುತ್ತದೆ.)

ಅಧ್ಯಾಯ 3: ಪಾತ್ರಪಟ್ಟಿಯ ಮೂಲ

ಇಂಥ ಆಟಕ್ಕೆ ಕೂರುವ ಪ್ರತಿಯೊಬ್ಬರ ಮುಂದೂ ಒಂದು ಹಾಳೆ ಇರುತ್ತದೆ. ತನ್ನ ಪಾತ್ರದ ಹೆಸರು, ಬಲ, ಬುದ್ಧಿ, ವರ್ಚಸ್ಸು, ಗಳಿಸಿದ ಬಿರುದು, ಕೈಲಿರುವ ಕತ್ತಿ, ಎಲ್ಲವೂ ಅದರಲ್ಲಿ ಅಂಕಿಗಳಾಗಿ ದಾಖಲಾಗುತ್ತವೆ. ಇದನ್ನು ಅಮೆರಿಕದ ಕೊಡುಗೆ ಎನ್ನುವವರು ದಯಮಾಡಿ ಯಾವುದಾದರೂ ಒಂದು ಚಾಲುಕ್ಯ ಶಾಸನವನ್ನು ಓದಬೇಕು. ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ದಾನ ಕೊಟ್ಟದ್ದು ಹನ್ನೆರಡು ಮತ್ತರು ಭೂಮಿಯಾದರೂ ಪಟ್ಟಿ ಇಷ್ಟುದ್ದ. ಆಹವಮಲ್ಲ, ಭುವನೈಕಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ, ಜಗದೇಕಮಲ್ಲ ಎಂದು ಪ್ರತಿ ಪಟ್ಟಾಭಿಷೇಕಕ್ಕೂ ಒಂದು ಹೊಸ ಮಲ್ಲ. ಹೊಸ ಆವೃತ್ತಿಗೆ ಹೊಸ ಹೊದಿಕೆ ಹಾಕುವ ಪದ್ಧತಿ ಯಾರದ್ದೆಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಶಯ ಉಳಿದವರು ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಬೇಕು. ಅಲ್ಲಿಯ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ ಒಬ್ಬಳು ಶಿಲಾಬಾಲಿಕೆ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಾಳೆ. ಕೈಯೆತ್ತಿ ಬರೆಯುತ್ತಿದ್ದಾಳೆ, ಬರೆದ ಅಕ್ಷರಗಳು ಕಲ್ಲಿನ ಮೇಲೆ ನಿಜವಾಗಿಯೂ ಇವೆ, ಓದಲು ಬರುತ್ತವೆ. ಅದು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕವೆಂದು ಶಾಸನತಜ್ಞರು ಓದಿದ್ದಾರೆ. ಓದಿದ್ದು ಸರಿ, ತಿಳಿದುಕೊಂಡದ್ದು ತಪ್ಪು. ಆಕೆ ರಾಜನ ಪಾತ್ರಪಟ್ಟಿಯನ್ನು ತುಂಬುತ್ತಿದ್ದಾಳೆ. ಬೆನ್ನು ತಿರುಗಿಸಿದ್ದೇಕೆ? ಪಕ್ಕದಲ್ಲಿ ಕೂತವರು ತನ್ನ ಅಂಕ ಇಣುಕಿ ನೋಡಬಾರದೆಂದು. ಆಟ ಆಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಶಿಲ್ಪಶಾಸ್ತ್ರ ಓದಿದವರಿಗೆ ಹೊಳೆಯುವುದಿಲ್ಲ.

ಅಧ್ಯಾಯ 4: ಹೊಸದೆಂದು ಹೇಳದ ಹೊಸದು

ಈಗ ಆವೃತ್ತಿಗಳ ವಿಷಯ. ಲೇಕ್ ಜಿನೀವಾ ಶಾಖೆಯ ಪ್ರತಿಗಳನ್ನು ಬೇಗ ದಾಟಿಬಿಡೋಣ: 1977ರಿಂದ 79ರವರೆಗೆ ಕಂತುಕಂತಾಗಿ ಬಂದ ‘ಅಡ್ವಾನ್ಸ್ಡ್’ ಪಾಠ, 1989ರ ಎರಡನೆಯದು, 2000ದ ಮೂರನೆಯದು, ಅದಕ್ಕೆ 2003ರಲ್ಲಿ ಹೊಲಿದ ಅರ್ಧ ತೇಪೆ, ಯಾರ ಬಾಯಲ್ಲಿ ಕೇಳಿದರೂ ಬೈಗುಳವೇ ಸಿಗುವ 2008ರ ನಾಲ್ಕನೆಯದು, 2014ರ ಐದನೆಯದು. 2000ಕ್ಕೆ ಮುಂಚಿನ ಪಾಠಗಳಲ್ಲಿ ಕವಚ ಗಟ್ಟಿಯಾದಷ್ಟೂ ಅದರ ಅಂಕ ಕೆಳಗಿಳಿಯುತ್ತಿತ್ತು. ಮೂರನೆಯ ಆವೃತ್ತಿ ಅದನ್ನು ಉಲ್ಟಾ ಮಾಡಿತು. ಹಳಬರು ಇನ್ನೂ ಚೇತರಿಸಿಕೊಂಡಿಲ್ಲ. ಚೌಕಾಬಾರ ಬಲ್ಲ ನಮಗೆ ಇದರಲ್ಲಿ ಸೋಜಿಗವಿಲ್ಲ. ನಾಲ್ಕು ಕವಡೆಯಲ್ಲಿ ಒಂದು ಬಾಯಿ ಮೇಲಾದರೆ ಒಂದು, ಎರಡಾದರೆ ಎರಡು, ನಾಲ್ಕೂ ಆದರೆ ಚೌಕ. ಒಂದೂ ಬಾಯಿ ಬಿಡದೆ ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಏನೂ ಇಲ್ಲದ್ದಕ್ಕೆ ಎಲ್ಲಕ್ಕಿಂತ ಹೆಚ್ಚು. ಈ ತತ್ವವನ್ನು ತಲೆಬುಡವಿಲ್ಲದ್ದೆಂದು ಇಲ್ಲಿ ಯಾರೂ ತಿದ್ದಲು ಹೋಗಿಲ್ಲ.

2024ರ ಪುಸ್ತಕಕ್ಕೆ ಮಾತ್ರ ಆರನೆಯ ಆವೃತ್ತಿ ಎಂಬ ಹೆಸರಿಲ್ಲ. 320 ಪುಟವಿದ್ದ ಆಟಗಾರರ ಕೈಪಿಡಿ 384 ಪುಟವಾಗಿದೆ, ಒಳಗೆ ಸಾಕಷ್ಟು ಬದಲಾಗಿದೆ. ಆದರೂ ಪ್ರಕಾಶಕರ ಪ್ರಕಾರ ಇದು ಐದನೆಯದೇ, ಹಳೆಯ ಪುಸ್ತಕಗಳೂ ಇದರ ಜೊತೆ ನಡೆಯುತ್ತವೆ. ಇಲ್ಲಿ ಕಲ್ಯಾಣಪಾಠದ ಮರ್ಯಾದೆ ನೋಡಿ. ವಿಕ್ರಮಾದಿತ್ಯ 1076ರಲ್ಲಿ ಅಣ್ಣನನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದವನು ಶಕವರ್ಷವನ್ನೇ ಬದಿಗೆ ಸರಿಸಿ ತನ್ನದೇ ಚಾಲುಕ್ಯ ವಿಕ್ರಮ ಶಕೆ ಶುರು ಮಾಡಿದ. ಒಂದರಿಂದ ಎಣಿಕೆ! ಹಳೆಯದರ ಜೊತೆ ನಡೆಯುತ್ತದೆ, ಗಾಬರಿಯಾಗಬೇಡಿ ಎಂಬ ಜಾಹೀರಾತು ಇಲ್ಲ. ವಿಮರ್ಶೆ ಬರೆಯಲು ಕಾಶ್ಮೀರದಿಂದ ಬಿಲ್ಹಣ ಬಂದ. ಅಣ್ಣನಿಂದ ಸಿಂಹಾಸನ ಕಿತ್ತುಕೊಂಡದ್ದು ಹೇಗೆ ಶಿವನ ಇಚ್ಛೆಯೇ ಆಗಿತ್ತೆಂದು ‘ವಿಕ್ರಮಾಂಕದೇವಚರಿತ’ದಲ್ಲಿ ಸರ್ಗಗಟ್ಟಲೆ ವಿವರಿಸಿದ. ಹೊಸ ಆವೃತ್ತಿ ತರುವವರಿಗೆ ಇಂಥ ಒಬ್ಬ ವಿಮರ್ಶಕ ಸಿಕ್ಕರೆ ಸಾಕು.

2024ರಲ್ಲಿ ಆದ ದೊಡ್ಡ ತಿದ್ದುಪಡಿ ಇನ್ನೊಂದು. 1981ರ ‘ಬೇಸಿಕ್’ ಪಾಠದಲ್ಲಿ ಕುಬ್ಜನಾಗಿ ಹುಟ್ಟಿದವನ ಕಸುಬು ಕುಬ್ಜನಾಗಿರುವುದೇ. ಮನುಷ್ಯನಿಗೆ ಮಾತ್ರ ಕಳ್ಳನೋ ಮಾಂತ್ರಿಕನೋ ಆಗುವ ಆಯ್ಕೆ. 2014ರಲ್ಲಿ ಕಸುಬು ಬಿಡುಗಡೆಯಾಗಿತ್ತು, ಆದರೆ ಬಲ ಬುದ್ಧಿಗಳಿಗೆ ಸಿಗುವ ಹೆಚ್ಚುವರಿ ಅಂಕ ಇನ್ನೂ ಹುಟ್ಟಿದ ಕುಲದಿಂದಲೇ ಬರುತ್ತಿತ್ತು. ಹೊಸ ಪುಸ್ತಕದಲ್ಲಿ ಆ ಅಂಕ ಬರುವುದು ನೀನು ಮೊದಲು ಏನು ಕೆಲಸ ಮಾಡಿಕೊಂಡಿದ್ದೆ ಎಂಬುದರಿಂದ: ರೈತನೋ, ಕುಶಲಕರ್ಮಿಯೋ, ಲಿಪಿಕಾರನೋ. ಕುಲ ಬಿಟ್ಟು ಕಾಯಕ ಕೇಳುವ ಈ ನಿಯಮ ಕ್ರಾಂತಿಕಾರಿ ಎಂದು ಕೆಲವರು ಮೆಚ್ಚಿದರು, ಕೆಲವರು ಆಟವೇ ಕೆಟ್ಟಿತೆಂದು ಹಲುಬಿದರು. ಬಸವಕಲ್ಯಾಣದಲ್ಲಿ ಕೂತು ಇದನ್ನು ಓದುವಾಗ ನಗು ತಡೆಯುವುದು ಕಷ್ಟ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಹೊರುವ ಮೋಳಿಗೆ ಮಾರಯ್ಯ ಇದೇ ಊರಲ್ಲಿ ಒಂದೇ ಸಾಲಲ್ಲಿ ಕೂತು ಎಂಟುನೂರೈವತ್ತು ವರ್ಷವಾಯಿತು. ಆ ತಿದ್ದುಪಡಿಗೆ ಬಂದ ಪ್ರತಿಕ್ರಿಯೆಯೂ ಬೇರೆ ತರಹದ್ದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ; ಶರಣರು ಊರು ಬಿಟ್ಟು ಚದುರಿದರು. ಲೇಕ್ ಜಿನೀವಾ ಶಾಖೆಯವರು ಹೆಚ್ಚೆಂದರೆ ಪುಸ್ತಕ ಕೊಳ್ಳಲಿಲ್ಲ. ಈ ಪುಟದಲ್ಲಿ ಪ್ರಬಂಧಕಾರನಿಗೆ ಹಾಸ್ಯ ಹೊಳೆಯುತ್ತಿಲ್ಲ, ಮುಂದಿನ ಅಧ್ಯಾಯಕ್ಕೆ ಹೋಗೋಣ.

ಹೋಗುವ ಮುನ್ನ ಮೈಸೂರುಪಾಠಕ್ಕೆ ಒಂದು ನಮಸ್ಕಾರ. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗ, ಪಗಡೆ, ಗಂಜೀಫ಼ಾಗಳಿಗೆ ಮನೆಗಳನ್ನು ಹೆಚ್ಚಿಸುತ್ತ, ಎಲೆಗಳನ್ನು ಹೆಚ್ಚಿಸುತ್ತ ಹೋದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅದರ ವೈಭವ ಕಾಣಬಹುದು. ರಾಜ್ಯವಿದ್ದೂ ಆಟದ ಪುಸ್ತಕ ಬರೆದವನು ಸೋಮೇಶ್ವರ, ರಾಜ್ಯ ಹೋದಮೇಲೆ ಬರೆಸಿದವರು ಮುಮ್ಮಡಿ. ಈ ಒಂದು ಕಾರಣಕ್ಕೆ ಕಲ್ಯಾಣಪಾಠವೇ ಪ್ರಾಚೀನ ಮತ್ತು ಪ್ರಶಸ್ತ. ಮೈಸೂರಿನವರು ಬೇಸರಿಸಬಾರದು, ಬೇಸರಿಸುತ್ತಾರೆ.

ಅಧ್ಯಾಯ 5: ಕ್ಷೇತ್ರಕಾರ್ಯ

ಪಂಚಮಿಗೆ ಹೈದರಾಬಾದಿನಿಂದ ಬಂದ ನಮ್ಮಕ್ಕನ ಮಗ 2024ರ ಪುಸ್ತಕವನ್ನೂ ಇಪ್ಪತ್ತು ಮುಖದ ದಾಳವನ್ನೂ ಹುಮನಾಬಾದ್ ಮನೆಗೆ ತಂದಿದ್ದ. ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಐದೈದು ಮನೆಯ ಚೌಕ ಬರೆದಿತ್ತು; ಕಟ್ಟೆಮನೆಗಳಿಗೆ ಅಡ್ಡಗೀಟು, ಕಾಯಿಗೆ ಒಡೆದ ಬಳೆಚೂರು, ಕವಡೆ ಸಿಗದ್ದಕ್ಕೆ ಒಂದು ಮಗ್ಗುಲು ತೇದು ಬೆಳ್ಳಗೆ ಮಾಡಿದ ಹುಣಸೆಬೀಜ. ಹುಡುಗ ಅದರ ಪಕ್ಕದಲ್ಲೇ ಪುಸ್ತಕ ಬಿಚ್ಚಿ ಅಜ್ಜಿಯನ್ನು ಆಟಕ್ಕೆ ಎಳೆದ.

“ಆಯಿ, ನೀ ಈಗ ಒಂದ್ ಗವಿ ಮುಂದ ನಿಂತೀದಿ. ಒಳಗ ಕತ್ತಲಿ ಅದ. ಯಾನೋ ಉಸಿರಾಡ್ಲತ್ತದ. ಯಾನ್ ಮಾಡ್ತಿ?”

“ಹೊಳ್ಳಿ ಮನಿಗಿ ಬರ್ತೀನಿ.”

“ಹಂಗ ಬರಲಾಕ ಬರಲ್ಲ ಆಯಿ.”

“ಯಾಕ ಬರಲ್ಲ? ಕಾಲ್ ನಂದವ.”

ಹುಡುಗ ಪುಟ ತಿರುವಿದ. 384 ಪುಟದಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಕೊನೆಗೆ ದಾಳ ಕೈಗೆ ಕೊಟ್ಟ. ಅವ್ವ ಅದನ್ನು ಬೆಳಕಿಗೆ ಹಿಡಿದು ಎಲ್ಲ ಮುಖ ನೋಡಿ, ಇದರಲ್ಲಿ ಬಾರಾ ಯಾವುದು ಎಂದು ಕೇಳಿ, ಬಾರಾ ಇಲ್ಲವೆಂದು ತಿಳಿದ ಮೇಲೆ ವಾಪಸು ಕೊಟ್ಟಳು. ಆಟಕ್ಕೆ ಒಡೆಯನೊಬ್ಬ ಕೂತು, ಅವನು ಹೇಳಿದ್ದೇ ಅಂತಿಮ ಎನ್ನುವ ಲೇಕ್ ಜಿನೀವಾ ಸೂತ್ರ ಹುಮನಾಬಾದಿನಲ್ಲಿ ಬಿದ್ದುಹೋಗುವುದು ಇಲ್ಲಿಯೇ. ಇಲ್ಲಿ ಒಡೆಯರಲ್ಲದವರು ಯಾರೂ ಆಟಕ್ಕೆ ಕೂರುವುದಿಲ್ಲ.

ಬಳಿಕ ಚೌಕಾಬಾರ ನಡೆಯಿತು. ಅತ್ತಿಗೆಯ ತವರು ಬಸವಕಲ್ಯಾಣ. ಪಾಠಾಂತರಗಳು ಅಲ್ಲಿಂದಲೇ ಕಾಣಿಸಿಕೊಂಡವು. ಅತ್ತಿಗೆಯ ಪ್ರಕಾರ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಅವ್ವನ ಪ್ರಕಾರ ಮನೆಯ ಹಿರಿಯರು ಆ ನಿಯಮಕ್ಕೆ ಒಳಪಡುವುದಿಲ್ಲ. ಅತ್ತಿಗೆಯ ಮನೆಯಲ್ಲಿ ಸತತ ಮೂರು ಬಾರಾ ಬಿದ್ದರೆ ಮೂರೂ ಸುಟ್ಟುಹೋಗುತ್ತವೆ. ಇಲ್ಲಿ ಸುಡುವುದು ಯಾರಿಗೆ ಬಿದ್ದಿವೆ ಎಂಬುದರ ಮೇಲೆ ಅವಲಂಬಿತ. “ಅತ್ತಿ, ಇದು ಕಟ್ಟಿಮನಿ. ಇಲ್ಲಿ ಹೊಡಿಲಾಕ ಬರಲ್ರಿ,” ಎಂದು ಅತ್ತಿಗೆ ಹೇಳುವಷ್ಟರಲ್ಲಿ ಅವ್ವ ಬಳೆಚೂರನ್ನು ಎತ್ತಿ ಹೊರಗಿಟ್ಟಾಗಿತ್ತು. ಗೀಟು ಅಳಿಸಿದೆ, ಆದ್ದರಿಂದ ಕಟ್ಟೆಯಲ್ಲ ಎಂಬುದು ಆಕೆಯ ವಾದ. ಅಳಿಸಿದ್ದು ಆಕೆಯದೇ ಸೆರಗು. ನಿಯಮದ ಪುಸ್ತಕ ಇದ್ದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು, ಆಟವೂ ಮುಗಿಯುತ್ತಿತ್ತು. ಸಂಜೆಯವರೆಗೆ ಎರಡೂ ನಡೆದವು.

ಈ ದತ್ತಾಂಶದಿಂದ ಎರಡು ಪಾಠಗಳ ಗಡಿ ಹೆದ್ದಾರಿಯಲ್ಲಿ ರಾಜೇಶ್ವರದ ಆಸುಪಾಸು ಹಾದುಹೋಗುತ್ತದೆಂದು ಊಹಿಸಲಾಗಿದೆ. ಅಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಇಳಿದು, ಟಪರಿಯಲ್ಲಿದ್ದ ಒಬ್ಬ ಕಾಕಾನನ್ನು ವಿಚಾರಿಸಿದೆ. “ನಿಯಮಾ ಕೇಳಬ್ಯಾಡ್ರಿ ಸರ್, ಕುಂತು ಆಡ್ರಿ. ಸೋತಮ್ಯಾಲ ನಿಯಮಾ ತಾನೇ ಗೊತ್ತಾಗ್ತಾವ್,” ಎಂದ. ಮಾಹಿತಿದಾರನ ಈ ಹೇಳಿಕೆ ಅಸ್ಪಷ್ಟವಾಗಿರುವುದರಿಂದ ಕೈಬಿಡಲಾಗಿದೆ.

ಅಧ್ಯಾಯ 6: ಶಿಫಾರಸು

ಎರಡೂ ಪಾಠಗಳನ್ನು ಹೋಲಿಸಿ ಒಂದು ಶಾಸ್ತ್ರೀಯ ಆವೃತ್ತಿ ತರಲು ಸಂಪಾದನ ಸಮಿತಿಯೊಂದು ತುರ್ತಾಗಿ ಬೇಕು. ಈ ಸಲಹೆಯನ್ನು ಎರಡೂ ಊರಿನ ಬಲ್ಲವರ ಮುಂದಿಟ್ಟೆ. ತಾತ್ವಿಕ ಒಪ್ಪಿಗೆ ಸಿಕ್ಕಿತು. ಅಧ್ಯಕ್ಷರು ಯಾವ ಊರಿನವರಾಗಬೇಕೆಂಬಲ್ಲಿ ಮಾತು ನಿಂತಿತು. ಕವಡೆ ಹಾಕಿ ನೋಡೋಣ ಎಂದೆ. ನಾಲ್ಕೂ ಬೋರಲು ಬಿದ್ದವು. ಬಾರಾ ಬಿದ್ದರೆ ಇನ್ನೊಂದು ಆಟ ಉಂಟು, ಮತ್ತೆ ಹಾಕಿರಿ ಎಂದರು ಹುಮನಾಬಾದಿನವರು. ಅದು ಆಟದಲ್ಲಿ, ಸಮಿತಿಯಲ್ಲಲ್ಲ ಎಂದರು ಕಲ್ಯಾಣದವರು. ಅಂತೂ ಮತ್ತೆ ಹಾಕಿದೆವು, ಮತ್ತೆ ಬಾರಾ. ಮೂರನೆಯ ಸಲ ಹಾಕಬೇಕೋ ಬೇಡವೋ, ಬಿದ್ದರೆ ಮೂರೂ ಸುಡುತ್ತವೋ ಇಲ್ಲವೋ ಎಂಬುದು ಶಾಸ್ತ್ರೀಯ ಆವೃತ್ತಿ ಬಂದ ಮೇಲಷ್ಟೇ ತೀರ್ಮಾನವಾಗಬೇಕಾಗಿದೆ.