ವಾಚಕಕ್ರೋಧ ಮೀಮಾಂಸೆ

ಭರತಮುನಿ ಎಂಟು ರಸಗಳನ್ನು ಹೇಳಿದ. ನಂತರದವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಆದರೆ ಮೆಚ್ಚಿನ ಕಾದಂಬರಿಕಾರನನ್ನು ಯಾರೋ ಎರಡು ಕಾಲಂನಲ್ಲಿ ಜಾಡಿಸಿದಾಗ ಓದುಗನೊಳಗೆ ಉಕ್ಕುವ ಹತ್ತನೆಯ ರಸದ ಬಗ್ಗೆ ಆಲಂಕಾರಿಕರು ತುಟಿ ಬಿಚ್ಚಿಲ್ಲ. ಭರತನ ಕಾಲದಲ್ಲಿ ಭಾನುವಾರದ ಪುರವಣಿ ಇರಲಿಲ್ಲವಾದ್ದರಿಂದ ಈ ಲೋಪ ಕ್ಷಮ್ಯ. ಅದನ್ನು ತುಂಬಿಕೊಡುವುದೇ ಪ್ರಕೃತ ಪ್ರಬಂಧದ ಪ್ರಯೋಜನ.

ಲಕ್ಷಣ: ಈ ರಸಕ್ಕೆ ಮುನಿಸೇ ಸ್ಥಾಯಿಭಾವ. ಆಲಂಬನ ವಿಭಾವ ವಿಮರ್ಶಕ. ಉದ್ದೀಪನ ವಿಭಾವ ವಿಮರ್ಶೆಯ ತಲೆಬರಹ. ಒಳಗಿನ ಮಾತಲ್ಲ, ಅಲ್ಲಿಯವರೆಗೆ ಇಳಿದವರು ವಿರಳ. ಇನ್ನು ಅನುಭಾವಗಳು: ಪೇಪರನ್ನು ಮಡಚಿ ಟೀಪಾಯಿಯ ಮೇಲೆ ಕುಕ್ಕುವುದು, ಕಾಫಿ ಆರಲು ಬಿಡುವುದು, ‘ಇವನೇನು ಬರೆದು ಕಡಿದು ಕಟ್ಟೆ ಹಾಕಿದ್ದಾನೆ?’ ಎಂದು ಹೆಂಡತಿಯನ್ನು ಕೇಳುವುದು. ಆಕೆ ಉತ್ತರಿಸುವುದಿಲ್ಲ. ಆ ಮನೆಯಲ್ಲಿ ಕಾದಂಬರಿಯನ್ನು ಪೂರ್ತಿ ಓದಿದವಳು ಆಕೆಯೊಬ್ಬಳೇ.

ಉದಾಹರಣೆ: 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂತು. ಭೈರಪ್ಪ ವಾದಪಟುವೇ ಹೊರತು ಕಾದಂಬರಿಕಾರರಲ್ಲ ಎಂಬರ್ಥದ ಮಾತನ್ನು ಯು.ಆರ್. ಅನಂತಮೂರ್ತಿ ಆಡಿದರು. ಅಲ್ಲಿಗೆ ರಸ ನಿಷ್ಪನ್ನವಾಯಿತು. ‘ಸತ್ಯ ಮತ್ತು ಸೌಂದರ್ಯ’ದ ಬಗ್ಗೆಯೇ ಡಾಕ್ಟರೇಟ್ ಪಡೆದವರಿಗೆ ಕಲೆಯ ಪಾಠವೇ ಎಂದು ಒಂದು ಪಕ್ಷ ಗುಡುಗಿತು. ‘ಸಂಸ್ಕಾರ’ ಬರೆದವರಿಗೆ ಅಷ್ಟೂ ಹೇಳುವ ಹಕ್ಕಿಲ್ಲವೇ ಎಂದು ಪ್ರತಿಪಕ್ಷ ಗುಟುರು ಹಾಕಿತು. ಭೈರಪ್ಪನವರ ‘ವಂಶವೃಕ್ಷ’, ಅನಂತಮೂರ್ತಿಯವರ ‘ಸಂಸ್ಕಾರ’ ಎರಡೂ 1965ರ ಕೂಸುಗಳು. ಅವುಗಳ ಅಭಿಮಾನಿಗಳು ನಲವತ್ತೆರಡು ವರ್ಷಗಳ ಬಳಿಕ ದಾಯಾದಿಗಳಾದದ್ದು ಶಾಸ್ತ್ರಸಮ್ಮತವೇ.

ಪ್ರಮಾಣ ವಿಚಾರ: ಕ್ರುದ್ಧ ವಾಚಕನ ಪರಮಪ್ರಮಾಣ ಕಣ್ಣೀರು. ‘ಭೈರಪ್ಪನವರ ಗೃಹಭಂಗದ ನಂಜಮ್ಮ ಸತ್ತಾಗ ಬಿಕ್ಕಿ ಬಿಕ್ಕಿ ಅತ್ತಿದ್ದೇನೆ, ಆದ್ದರಿಂದ ಆವರಣ ಶ್ರೇಷ್ಠ ಕೃತಿ.’ ಪಕ್ಕದೂರಲ್ಲಿ ಹೊಗೆ ಕಂಡು ಈ ಗುಡ್ಡದಲ್ಲಿ ಬೆಂಕಿಯಿದೆ ಎಂದಂತಾಯಿತು ಎಂದು ನೈಯಾಯಿಕರು ಆಕ್ಷೇಪಿಸಬಹುದು. ಆದರೆ ನೈಯಾಯಿಕರು ನಂಜಮ್ಮನಿಗಾಗಿ ಅತ್ತವರಲ್ಲ.

ಪೂರ್ವಪಕ್ಷ: ಬೈಸಿಕೊಂಡದ್ದು ಲೇಖಕ, ನೋವು ಓದುಗನಿಗೇಕೆ?

ಸಿದ್ಧಾಂತ: ಬರೆದದ್ದು ಲೇಖಕನಾದರೂ ರಾತ್ರಿ ಎರಡರವರೆಗೆ ದೀಪ ಆರಿಸದೆ ಕೂತವನು ಓದುಗ. ಮರುದಿನ ಪರೀಕ್ಷೆಯಿದ್ದರೂ ಪುಟ ಮಗುಚಿದವನು ಅವನು. ‘ಇದು ಕಾದಂಬರಿಯೇ ಅಲ್ಲ’ ಎಂದಾಗ ಅವನ ಆ ರಾತ್ರಿಯ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ‘ಅತ್ತದ್ದು ದಂಡ’ ಎಂದು ಷರಾ ಬರೆದು ರುಜು ಹಾಕಿದಂತಾಗುತ್ತದೆ. ಲೇಖಕನ ವಕಾಲತ್ತು ನೆಪಮಾತ್ರ, ಮೇಲ್ಮನವಿ ಸ್ವಂತದ್ದೇ. ವಿಮರ್ಶಕನ ತರ್ಕ ಎಷ್ಟೇ ಸರಿಯಿದ್ದರೂ ಈ ಮೇಲ್ಮನವಿ ವಜಾ ಆಗದಿರುವುದು ಇದರಿಂದಲೇ.

ಫಲಶ್ರುತಿ: ‘ಆವರಣ’ದ ಮೊದಲ ಮುದ್ರಣ ಬಿಡುಗಡೆಗೆ ಮುಂಚೆಯೇ ಖಾಲಿಯಾಯಿತು, ಐದು ತಿಂಗಳೊಳಗೆ ಹತ್ತು ಸಲ ಮರುಮುದ್ರಣವಾಯಿತು. ಈ ಮರುಮುದ್ರಣಗಳ ಕ್ರಮ ಹೀಗೆ: ಟೀಕೆ ಓದಿದವನು, ಅಂಥದ್ದೇನಿದೆ ನೋಡೋಣ ಎಂದು ಒಂದು ಪ್ರತಿ ಕೊಳ್ಳುತ್ತಾನೆ. ಅಭಿಮಾನಿ ತನ್ನ ಪ್ರತಿಯನ್ನು ‘ಓದಿ ಆಮೇಲೆ ಮಾತಾಡಿ’ ಎಂದು ಆಫೀಸಿನ ಎದುರಾಳಿಯ ಕೈಗೆ ತುರುಕುತ್ತಾನೆ. ಕಡ ಹೋದ ಪುಸ್ತಕ ಮರಳಿ ಬಂದದ್ದು ಯಾವ ಪುರಾಣದಲ್ಲೂ ಇಲ್ಲವಾದ್ದರಿಂದ ಇನ್ನೊಂದು ಪ್ರತಿ ತರುತ್ತಾನೆ. ಹೀಗೆ ವಿಮರ್ಶಕನೂ ಅಭಿಮಾನಿಯೂ ಹಗಲಿರುಳು ದುಡಿದು ಒಂದೇ ಪುಸ್ತಕವನ್ನು ಮಾರಿಕೊಡುತ್ತಾರೆ. ಕಮಿಷನ್ ಮಾತ್ರ ಇಬ್ಬರಿಗೂ ಇಲ್ಲ.