ಕರಡಿಮರಿಯ ಮುಖ ನೋಡಿ

ಕಂಪ್ಯೂಟರು ತೆವಳತೊಡಗಿದರೆ ಟಾಸ್ಕ್ ಮ್ಯಾನೇಜರ್ ತೆರೆದು ಕೂರುವ ಚಟ ನನ್ನದು. ಅಲ್ಲಿ ‘ಎಸ್‌ವಿಸಿಹೋಸ್ಟ್’ ಎಂಬ ಒಂದೇ ಹೆಸರಿನವರು ಡಜನ್‌ಗಟ್ಟಲೆ ಕೂತಿರುತ್ತಾರೆ. ಹೊಸಬರ ಎದೆ ಧಸಕ್ಕೆನ್ನದೆ ಇರದು. ಪಾಪ, ಅವರೆಲ್ಲ ವಿಂಡೋಸ್‌ನ ಕೆಲಸದಾಳುಗಳು. ಅವರಿಲ್ಲದೆ ಅಪ್‌ಡೇಟೂ ಇಲ್ಲ, ನೆಟ್ಟೂ ಇಲ್ಲ.

ಇಂಥದೇ ದಿಗಿಲು 2002ರಲ್ಲಿ ಊರೂರು ಸುತ್ತಿತು. ‘ಜೆಡಿಬಿಜಿಎಂಜಿಆರ್ ಎಂಬ ಫೈಲು ನಿಮ್ಮಲ್ಲಿದ್ದರೆ ಅದು ವೈರಸ್ಸು, ತಕ್ಷಣ ಅಳಿಸಿ, ಬಂಧುಮಿತ್ರರಿಗೂ ತಿಳಿಸಿ’ ಎಂದು ಈಮೇಲು. ಹುಡುಕಿದರೆ ಫೈಲು ಇದ್ದೇ ಇರುತ್ತಿತ್ತು, ಮುಖಕ್ಕೊಂದು ಬೂದು ಕರಡಿಮರಿಯ ಚಿತ್ರ ಅಂಟಿಸಿಕೊಂಡು! ಅಸಲಿಗೆ ಅದು ಜಾವಾ ಪ್ರೋಗ್ರಾಮರುಗಳಿಗೆಂದು ಮೈಕ್ರೋಸಾಫ್ಟೇ ಇಟ್ಟಿದ್ದ ಫೈಲು. ವೈರಸ್ ಬರೆಯುವ ಶ್ರಮವನ್ನೂ ಪಡದೆ, ಜನರ ಕೈಯಿಂದಲೇ ಫೈಲು ಅಳಿಸಿ, ಜನರಿಂದಲೇ ಸುದ್ದಿ ಹಬ್ಬಿಸಿದ ಆ ಪುಣ್ಯಾತ್ಮ ಸೋಮಾರಿಗಳ ಕುಲಗುರು. ಅದಕ್ಕೆ ಎರಡು ವರ್ಷ ಮೊದಲು ಬಂದ ‘ಐ ಲವ್ ಯೂ’ ಈಮೇಲಿಗೆ ಅಂಟಿಕೊಂಡಿದ್ದ ವೈರಸ್ ಫೈಲಿನದು ತದ್ವಿರುದ್ಧ ಕತೆ. ಹೆಸರಿನ ತುದಿಯ ‘ವಿಬಿಎಸ್’ ಬಾಲವನ್ನು ವಿಂಡೋಸ್ ಮುಚ್ಚಿಟ್ಟಿದ್ದರಿಂದ ಅದು ಬರೀ ಪಠ್ಯದಂತೆ ಕಂಡಿತು. ಪ್ರೇಮಪತ್ರವೆಂದು ತೆರೆದವರು ಕೆಟ್ಟರು.

ಸಂಬಂಧ ಬೆಳೆಸುವಾಗ ನಮ್ಮ ಹಿರಿಯರು ಹುಡುಗನ ಹೆಸರು, ಮುಖಕ್ಕೆ ಮರುಳಾಗದೆ ಊರು, ಮನೆತನ, ನೆರೆಹೊರೆ ವಿಚಾರಿಸುತ್ತಿದ್ದರು. ಫೈಲಿಗೂ ಅದೇ ಸರಿ. ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿದರೆ ಊರು ತಿಳಿಯುತ್ತದೆ. ಎಸ್‌ವಿಸಿಹೋಸ್ಟ್‌ನ ಮನೆ ವಿಂಡೋಸ್‌ನೊಳಗಿನ ಸಿಸ್ಟಮ್32. ಅದೇ ಹೆಸರಿನವನು ಟೆಂಪ್ ಫೋಲ್ಡರಿನಲ್ಲಿ ಸಿಕ್ಕರೆ ವೇಷಧಾರಿಯೇ ಸರಿ. ಪ್ರಾಪರ್ಟೀಸ್‌ನ ‘ಡಿಜಿಟಲ್ ಸಿಗ್ನೇಚರ್ಸ್’ನಲ್ಲಿ ಮನೆತನದ ಸಹಿ ಇರುತ್ತದೆ. ಆದರೆ 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ, ರಿಯಲ್‌ಟೆಕ್ ಕಂಪನಿಯ ಸಹಿಯನ್ನೇ ಕದ್ದು ಓಡಾಡಿತ್ತು. ಹಾಗಾಗಿ ನೆರೆಹೊರೆಯನ್ನೂ ಕೇಳಬೇಕು. 2004ರಲ್ಲಿ ಸ್ಪೇನಿನಲ್ಲಿ ಹುಟ್ಟಿ, 2012ರಲ್ಲಿ ಗೂಗಲ್ ಪಾಲಾದ ವೈರಸ್‌ಟೋಟಲ್ ಎಂಬ ಜಾಲತಾಣಕ್ಕೆ ಫೈಲು ಕೊಟ್ಟರೆ ಸುಮಾರು ಎಪ್ಪತ್ತು ಆಂಟಿವೈರಸ್‌ಗಳು ಒಟ್ಟಿಗೆ ಅಭಿಪ್ರಾಯ ಹೇಳುತ್ತವೆ. ಒಂದೇ ಒಂದು ಮೂಗು ಮುರಿದರೆ ಅದು ಸುಮ್ಮನೆ ಶಂಕೆಯೂ ಇರಬಹುದು. ಎಲ್ಲರೂ ಹೊಗಳಿದರೆ ಆಸಾಮಿ ಊರಿಗೆ ಹೊಸಬನೂ ಇರಬಹುದು. ಅಂದಹಾಗೆ, ಅಲ್ಲಿ ಕೊಟ್ಟ ಫೈಲನ್ನು ಬೇರೆಯವರೂ ನೋಡಬಲ್ಲರು. ಮನೆಯ ಗುಟ್ಟುಗಳನ್ನು ಕೊಡಬಾರದು.

ಇಷ್ಟಾದ ಮೇಲೂ ಅನುಮಾನ ಉಳಿದರೆ, ಗೊತ್ತಿಲ್ಲದ ಫೈಲನ್ನು ಒತ್ತಬೇಡಿ. ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ಅಳಿಸಲೂ ಬೇಡಿ. ‘ಹತ್ತು ಜನಕ್ಕೆ ಕಳಿಸಿ’ ಎನ್ನುವ ಸಂದೇಶ ಬಂದರೆ ಮಾತ್ರ ಅದನ್ನು ಧಾರಾಳವಾಗಿ ಅಳಿಸಿ.